ಗಾಂಜಾ ಹೊಗೆಯ ಬೈಲಾ ಮತ್ತೆ ಕೌನ್ಸಿಲ್ ಮುಂದೆ ಬಂದಾಗ: ಕೆನಡಾದ ನಗರಗಳಲ್ಲಿ ಇರುವವರಿಗೆ ಒಂದು ಮಾರ್ಗದರ್ಶಿ

ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾದದ್ದು 2018ರ ಅಕ್ಟೋಬರ್ 17ರಂದು. ಪಾರ್ಕಿನ ಬೆಂಚಿನ ಮೇಲೆ ಕೂತು ಸೇದಬಹುದಾ? ಮಕ್ಕಳ ಆಟದ ಜಾಗದಿಂದ ಎಷ್ಟು ದೂರ ಇರಬೇಕು? ಮನೆ ಹತ್ತಿರದ ಪ್ಲಾಜಾದಲ್ಲಿ ಅಂಗಡಿ ತೆರೆಯಬಹುದಾ? ಇಂಥ ಪ್ರಶ್ನೆಗಳಿಗೆ ಆ ಕಾನೂನಿನಲ್ಲಿ ಉತ್ತರ ಇರಲಿಲ್ಲ. ಅವು ಪ್ರಾಂತ್ಯಗಳ ಕೈಗೆ ಹೋದವು, ಅಲ್ಲಿಂದ ಒಂದಷ್ಟು ನಗರಗಳ ತಲೆಗೆ ಬಂದವು. ನಗರಗಳು ಕೆಲವೇ ತಿಂಗಳಲ್ಲಿ ಗಡಿಬಿಡಿಯಿಂದ ಬೈಲಾ, ಅಂದರೆ ಸ್ಥಳೀಯ ನಿಯಮ, ಬರೆದವು. ಅವಸರದಲ್ಲಿ ಬರೆದ ನಿಯಮವನ್ನು ಆಗಾಗ ತೆಗೆದು ನೋಡಲೇಬೇಕಾಗುತ್ತದೆ. ಆ ಮರುಪರಿಶೀಲನೆ ಹೇಗೆ ನಡೆಯುತ್ತದೆ, ಅದರಲ್ಲಿ ಸಾಮಾನ್ಯ ನಿವಾಸಿ ಎಲ್ಲಿ, ಹೇಗೆ ಮಾತಾಡಬಹುದು ಎನ್ನುವುದೇ ಈ ಲೇಖನ.

ಬ್ರಾಂಪ್ಟನ್, ಮಿಸಿಸಾಗ, ಟೊರಾಂಟೊ, ಕ್ಯಾಲ್ಗರಿ ಕಡೆ ಇರುವ ಕನ್ನಡದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮಲ್ಲಿ ಈ ವಿಷಯಕ್ಕೆ ಒಂದು ಸಂಕೋಚ ಇದೆ. ಗಾಂಜಾ ಅಂದರೆ ಊರಲ್ಲಿ ಪೊಲೀಸ್ ಕೇಸು. ಅದರ ಬಗ್ಗೆ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಮಾತಾಡುವುದು ಯಾಕೆ ಎಂದು ಸುಮ್ಮನಾಗುತ್ತೇವೆ. ಹಾಗಾಗಿ ಸಭೆಗೆ ಹೋಗುವುದು ಅಂಗಡಿ ಕಂಪನಿಗಳ ಪ್ರತಿನಿಧಿಗಳು ಮತ್ತು ತುಂಬಾ ಸಿಟ್ಟಾದ ನೆರೆಹೊರೆಯವರು ಮಾತ್ರ. ಕೌನ್ಸಿಲರ್‌ಗಳಿಗೆ ಕೇಳಿಸುವುದೂ ಆ ಎರಡು ದನಿಗಳೇ.

ಹೆಜ್ಜೆ 1: ನಿಯಮ ಯಾರದ್ದು ಅಂತ ಮೊದಲು ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಜನ ಬೇಗ ದಾಟಿಬಿಡುವುದೂ ಇದನ್ನೇ. ಸಿಟಿಗೆ ಬರುವ ದೂರುಗಳಲ್ಲಿ ಎಷ್ಟೋ ವಿಷಯ ಸಿಟಿಯ ಕೈಯಲ್ಲೇ ಇರುವುದಿಲ್ಲ. ಪಕ್ಕದ ಬಾಲ್ಕನಿಯಿಂದ ವಾಸನೆ ಬರುತ್ತದೆ ಎಂದು ಕೌನ್ಸಿಲರ್‌ಗೆ ಈಮೇಲ್ ಹಾಕುತ್ತೀರಿ. ನಯವಾದ ಉತ್ತರ ಬರುತ್ತದೆ, ಕೆಲಸ ಆಗುವುದಿಲ್ಲ. ನೀವು ಬೇರೆ ಮನೆ ಬಾಗಿಲು ತಟ್ಟಿದ್ದೀರಿ, ಅಷ್ಟೇ.

ಫೆಡರಲ್ ಸರ್ಕಾರದ ಕ್ಯಾನಬಿಸ್ ಆಕ್ಟ್ ಮೂಲ ಚೌಕಟ್ಟು. ವಯಸ್ಕರು ಸಾರ್ವಜನಿಕ ಜಾಗದಲ್ಲಿ 30 ಗ್ರಾಂ ಒಣ ಗಾಂಜಾದವರೆಗೆ ಇಟ್ಟುಕೊಳ್ಳಬಹುದು. ಒಂದು ಮನೆಗೆ 4 ಗಿಡ ಬೆಳೆಸಬಹುದು. ತಿನ್ನುವ ಪದಾರ್ಥಗಳು ಕಾನೂನಿನ ಒಳಗೆ ಬಂದದ್ದು ಒಂದು ವರ್ಷದ ನಂತರ, 2019ರ ಅಕ್ಟೋಬರ್ 17ರಂದು. ಒಂದು ಪ್ಯಾಕೆಟ್ಟಿಗೆ 10 ಮಿಲಿಗ್ರಾಂ ಟಿಎಚ್‌ಸಿ (ಅಮಲು ಬರಿಸುವ ಅಂಶ) ಮಿತಿ ಬಂದದ್ದೂ ಆಗಲೇ. ಇದರಲ್ಲಿ ಯಾವುದನ್ನೂ ನಿಮ್ಮ ಸಿಟಿ ಕೌನ್ಸಿಲ್ ಬದಲಿಸಲಾರದು. ಫೆಡರಲ್ ಕಾನೂನಿಗೆ ಅದರದ್ದೇ ಮರುಪರಿಶೀಲನೆ ಇದೆ. 2022ರಲ್ಲಿ ತಜ್ಞರ ಸಮಿತಿ ಕೂತಿತು, 2024ರ ಮಾರ್ಚ್‌ನಲ್ಲಿ ಅಂತಿಮ ವರದಿ ಕೊಟ್ಟಿತು. ಗಮ್ಮಿ (ಗಾಂಜಾ ಸೇರಿಸಿದ ಮಿಠಾಯಿ) ಪ್ಯಾಕೆಟ್ ಬಣ್ಣಬಣ್ಣವಾಗಿ ಮಕ್ಕಳನ್ನು ಸೆಳೆಯುತ್ತದೆ ಎಂಬುದು ನಿಮ್ಮ ಚಿಂತೆಯಾದರೆ ಅದನ್ನು ಸಂಸದರಿಗೆ ಬರೆಯಿರಿ, ಕೌನ್ಸಿಲರ್‌ಗೆ ಅಲ್ಲ.

ಎರಡನೆಯದು ಪ್ರಾಂತ್ಯ. ವಯಸ್ಸಿನ ಮಿತಿ, ಅಂಗಡಿಯ ಲೈಸೆನ್ಸ್, ಸಾರ್ವಜನಿಕ ಜಾಗದಲ್ಲಿ ಸೇದುವ ಮೂಲ ನಿಯಮ ಎಲ್ಲಾ ಇಲ್ಲಿ. ಒಂಟಾರಿಯೊದಲ್ಲಿ ವಯಸ್ಸು 19, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 2020ರ ಜನವರಿಯಿಂದ 21. ಒಂಟಾರಿಯೊದ ಸ್ಮೋಕ್-ಫ್ರೀ ಒಂಟಾರಿಯೊ ಆಕ್ಟ್ ಗಾಂಜಾವನ್ನು ಹೆಚ್ಚುಕಡಿಮೆ ಸಿಗರೇಟಿನ ಜೊತೆಗೇ ಕೂರಿಸಿದೆ. ಸಿಗರೇಟು ಎಲ್ಲಿ ಸೇದಬಾರದೋ ಅಲ್ಲಿ ಗಾಂಜಾವೂ ಇಲ್ಲ, ವೇಪ್ ಕೂಡ ಇಲ್ಲ. ಆಟದ ಜಾಗ, ಶಾಲೆಯ ಆವರಣ, ಕಮ್ಯುನಿಟಿ ರಿಕ್ರಿಯೇಷನ್ ಕೇಂದ್ರ ಇವುಗಳ 20 ಮೀಟರ್ ಒಳಗೆ ನಿಷೇಧ. ರೆಸ್ಟೊರೆಂಟ್ ಪ್ಯಾಟಿಯೊ ಮೇಲೂ ಇಲ್ಲ, ಅದರ 9 ಮೀಟರ್ ಸುತ್ತಲೂ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 1,000 ಡಾಲರ್‌ವರೆಗೆ, ಆಮೇಲೆ 5,000ದವರೆಗೆ ಹೋಗಬಹುದು. ಇದನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ಸ್ಥಳೀಯ ಪಬ್ಲಿಕ್ ಹೆಲ್ತ್ ಇಲಾಖೆಯ ಇನ್‌ಸ್ಪೆಕ್ಟರ್‌ಗಳು. ಸಿಟಿಯ ಬೈಲಾ ಆಫೀಸರ್ ಬೇರೆ.

ಮಿಸಿಸಾಗ, ಬ್ರಾಂಪ್ಟನ್ ಕಡೆಯವರಿಗೆ ಮಧ್ಯದಲ್ಲಿ ಇನ್ನೊಂದು ಮೆಟ್ಟಿಲು ಇದೆ, ಪೀಲ್ ರೀಜನ್ ಎಂಬ ಪ್ರಾದೇಶಿಕ ಆಡಳಿತ. ಪಬ್ಲಿಕ್ ಹೆಲ್ತ್ ಇರುವುದು ಅದರ ಕೈಯಲ್ಲಿ. ಹೊರಾಂಗಣದಲ್ಲಿ ಹೊಗೆ ಸೇದುವುದಕ್ಕೆ, ಹುಕ್ಕಾಕ್ಕೆ ಪೀಲ್ ತನ್ನದೇ ಬೈಲಾ ಮಾಡಿದೆ. ಹುಕ್ಕಾ ಬೈಲಾ 2016ರಷ್ಟು ಹಳೆಯದು. ಹಾಗಾಗಿ ಸಿಟಿಯ ವೆಬ್‌ಸೈಟ್ ಮಾತ್ರ ನೋಡಿದರೆ ಅರ್ಧ ಚಿತ್ರ ಸಿಗುತ್ತದೆ.

ಕೊನೆಗೆ ನಿಮ್ಮ ಕಟ್ಟಡ. ಒಂಟಾರಿಯೊದಲ್ಲಿ ಅಪಾರ್ಟ್‌ಮೆಂಟ್ ಅಥವಾ ಕಾಂಡೊದ ಲಿಫ್ಟ್, ಮೆಟ್ಟಿಲು, ಕಾರಿಡಾರ್, ಒಳಗಿನ ಪಾರ್ಕಿಂಗ್, ಲಾಂಡ್ರಿ ಕೋಣೆ ಇಲ್ಲೆಲ್ಲಾ ಹೊಗೆ ನಿಷೇಧ ಪ್ರಾಂತ್ಯದ ಕಾನೂನಿನಿಂದಲೇ ಬಂದಿದೆ. ಮನೆಯ ಒಳಗೆ ಮತ್ತು ಬಾಲ್ಕನಿಯಲ್ಲಿ ಏನು ಎನ್ನುವುದು ಕಾಂಡೊ ನಿಯಮ ಅಥವಾ ಬಾಡಿಗೆ ಕರಾರಿನ ವಿಷಯ. 2018ರಲ್ಲಿ ಎಷ್ಟೋ ಕಾಂಡೊ ಬೋರ್ಡುಗಳು ಅಕ್ಟೋಬರ್ 17ರ ಒಳಗೆ ಹೊಸ ನಿಯಮ ಮಾಡಲು ಓಡಾಡಿದ್ದು ಇದಕ್ಕೇ. ಬಾಲ್ಕನಿ ವಾಸನೆಯ ದೂರು ಮೊದಲು ಹೋಗಬೇಕಾದ್ದು ಅಲ್ಲಿಗೆ, ಬರವಣಿಗೆಯಲ್ಲಿ, ದಿನ ಮತ್ತು ಹೊತ್ತು ನಮೂದಿಸಿ. ವೈದ್ಯರ ಅನುಮತಿಯ ಮೇಲೆ ಬಳಸುವವರ ವಿಷಯ ಬಂದರೆ ಮಾನವ ಹಕ್ಕುಗಳ ಕಾಯ್ದೆಯೂ ನಡುವೆ ಬರುತ್ತದೆ. ಬೋರ್ಡು ತನಗೆ ಬೇಕಾದ ಹಾಗೆ ಕಡ್ಡಿ ತುಂಡು ಮಾಡಲು ಆಗುವುದಿಲ್ಲ.

ಹೆಜ್ಜೆ 2: ನಿಮ್ಮ ನಗರಕ್ಕೆ ಎಷ್ಟು ಅಧಿಕಾರ ಇದೆ ಅಂತ ತಿಳಿಯಿರಿ

ಇದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಕ್ಯಾಲ್ಗರಿಯ ಸ್ನೇಹಿತರು "ನಮ್ಮಲ್ಲಿ ಎರಡು ಅಂಗಡಿ ನಡುವೆ 300 ಮೀಟರ್ ಅಂತರ ಬೇಕು ಅಂತ ಸಿಟಿ ಮಾಡಿದೆ, ನಿಮ್ಮಲ್ಲಿ ಯಾಕಿಲ್ಲ?" ಎಂದು ಕೇಳಬಹುದು. ಕೇಳಿದ್ದು ನ್ಯಾಯವೇ. ಆದರೆ ಆಲ್ಬರ್ಟಾದಲ್ಲಿ ನಗರಗಳು ಭೂಬಳಕೆಯ ಬೈಲಾ ಮೂಲಕ ಅಂತರ ನಿಗದಿ ಮಾಡಬಹುದು. ಒಂಟಾರಿಯೊದಲ್ಲಿ ಆ ದಾರಿ ಮುಚ್ಚಿದೆ. ಗಾಂಜಾ ಅಂಗಡಿಗೆಂದೇ ಪ್ರತ್ಯೇಕ ಝೋನಿಂಗ್ (ಯಾವ ಜಾಗದಲ್ಲಿ ಏನು ಬರಬಹುದು ಎಂಬ ನಿಯಮ) ಮಾಡುವಂತಿಲ್ಲ, ಪ್ರತ್ಯೇಕ ಲೈಸೆನ್ಸ್ ಪದ್ಧತಿ ತರುವಂತೆಯೂ ಇಲ್ಲ. ಪ್ರಾಂತ್ಯವೇ ಹಾಕಿರುವ ಅಂತರ ಒಂದಿದೆ, ಶಾಲೆಯಿಂದ 150 ಮೀಟರ್. ಡೇಕೇರ್, ಲೈಬ್ರರಿ, ಪಾರ್ಕ್ ಇವು ಆ ಲೆಕ್ಕದಲ್ಲಿ ಇಲ್ಲ.

ಬ್ರಿಟಿಷ್ ಕೊಲಂಬಿಯಾದಲ್ಲಿ ಇನ್ನೊಂದು ರೀತಿ. ಅಂಗಡಿ ಲೈಸೆನ್ಸಿಗೆ ಸ್ಥಳೀಯ ಸರ್ಕಾರದ ಒಪ್ಪಿಗೆಯ ಶಿಫಾರಸು ಇಲ್ಲದೆ ಪ್ರಾಂತ್ಯ ಲೈಸೆನ್ಸ್ ಕೊಡುವುದಿಲ್ಲ. ಕ್ವಿಬೆಕ್ 2019ರಲ್ಲಿ ಕಾನೂನು ಬಿಗಿ ಮಾಡಿ ಬೀದಿಯಲ್ಲೂ ಸೇದುವಂತಿಲ್ಲ ಎಂದಿತು. ಪಾರ್ಕುಗಳಲ್ಲಿ ಮಾತ್ರ ಬೇಕಾದರೆ ನಗರಗಳು ಅವಕಾಶ ಕೊಡಬಹುದು ಎಂದು ಸಣ್ಣ ಕಿಂಡಿ ಬಿಟ್ಟಿತು.

ಒಂಟಾರಿಯೊದ ನಗರಕ್ಕೆ ಉಳಿಯುವುದು ಇಷ್ಟು. ಸಾರ್ವಜನಿಕ ಜಾಗದಲ್ಲಿ ಹೊಗೆ ಸೇದುವುದನ್ನು ಪ್ರಾಂತ್ಯಕ್ಕಿಂತ ಬಿಗಿ ಮಾಡಬಹುದು. ಮುನಿಸಿಪಲ್ ಆಕ್ಟ್ ಈ ಅಧಿಕಾರ ಕೊಟ್ಟಿದೆ, ಎರಡು ನಿಯಮಗಳು ಡಿಕ್ಕಿ ಹೊಡೆದರೆ ಹೆಚ್ಚು ಬಿಗಿಯಾದ್ದೇ ನಿಲ್ಲುತ್ತದೆ. ಆದ್ದರಿಂದ "ಸಡಿಲ ಮಾಡಿ" ಎಂದು ಸಿಟಿಗೆ ಕೇಳುವುದಾದರೆ ಪ್ರಾಂತ್ಯದ ಗೆರೆಗಿಂತ ಕೆಳಗೆ ಇಳಿಯಲು ಆಗದು. ತನ್ನದೇ ಪಾರ್ಕು, ಕಟ್ಟಡ, ಬಸ್ಸಿಗೆ ಸಿಟಿ ನಿಯಮ ಹಾಕಬಹುದು. ವಾಸನೆಯ ಉಪದ್ರವಕ್ಕೆ ಬೈಲಾ ಮಾಡಬಹುದು. ನಯಾಗರಾ ಕಡೆಯ ಪೆಲ್ಹಮ್ ಪಟ್ಟಣ ದೊಡ್ಡ ಗ್ರೀನ್‌ಹೌಸ್‌ಗಳ ವಾಸನೆ ತಡೆಯಲಾಗದೆ 2020ರಲ್ಲಿ ವಾಸನೆಯ ಉದ್ಯಮಗಳಿಗೆಂದೇ ಒಂದು ಬೈಲಾ ತಂದಿತು. ಬೆಳೆಯುವ, ಸಂಸ್ಕರಿಸುವ ಘಟಕಗಳಿಗೆ ಝೋನಿಂಗ್ ಹಾಕಬಹುದು. ಅಂಗಡಿಗೆ ಮಾತ್ರ ಇಲ್ಲ.

ಅಂಗಡಿ ವಿಷಯದಲ್ಲಿ ಒಂಟಾರಿಯೊ ನಗರಗಳಿಗೆ ಸಿಕ್ಕಿದ್ದು ಒಂದೇ ಒಂದು ನಿರ್ಧಾರ. ಅಂಗಡಿ ಬೇಡ ಎನ್ನುವುದಾದರೆ 2019ರ ಜನವರಿ 22ರ ಒಳಗೆ ಹೇಳಬೇಕಿತ್ತು. 414 ಸ್ಥಳೀಯ ಆಡಳಿತಗಳಲ್ಲಿ 77 ಬೇಡ ಎಂದವು. ಬೇಡ ಎಂದವರು ಮುಂದೆ ಯಾವಾಗ ಬೇಕಾದರೂ ಬೇಕು ಎನ್ನಬಹುದು. ಒಮ್ಮೆ ಬೇಕು ಎಂದ ಮೇಲೆ ಮತ್ತೆ ಬೇಡ ಎನ್ನುವಂತಿಲ್ಲ. ಟೊರಾಂಟೊ ಮತ್ತು ಬ್ರಾಂಪ್ಟನ್ ಆಗಲೇ ಒಪ್ಪಿದವು. ಮಿಸಿಸಾಗ 2018ರ ಡಿಸೆಂಬರ್‌ನಲ್ಲಿ ಬೇಡ ಎಂದಿತು, 2023ರ ಏಪ್ರಿಲ್‌ನಲ್ಲಿ ಮನಸ್ಸು ಬದಲಿಸಿತು. ಹೀಗೆ ಒಮ್ಮುಖದ ಬಾಗಿಲು ಇರುವ ಕಡೆ ಮತ ಹಾಕುವ ಮುಂಚಿನ ಚರ್ಚೆಗೆ ಎಲ್ಲಿಲ್ಲದ ಬೆಲೆ. ಆಮೇಲೆ ಎಷ್ಟು ಅರ್ಜಿ ಬರೆದರೂ ಬಾಗಿಲು ಹಿಂದಕ್ಕೆ ತೆರೆಯುವುದಿಲ್ಲ.

ಹೆಜ್ಜೆ 3: ಮರುಪರಿಶೀಲನೆ ಶುರುವಾಗಿದೆಯಾ, ಎಲ್ಲಿದೆ ಅಂತ ಪತ್ತೆ ಮಾಡಿ

ಮರುಪರಿಶೀಲನೆ ಅನ್ನುವುದು ಒಂದು ದಿನದ ಸಭೆ ಅಲ್ಲ. ಯಾರೋ ಒಬ್ಬ ಕೌನ್ಸಿಲರ್ ಮೋಷನ್ (ಗೊತ್ತುವಳಿ) ತರುತ್ತಾರೆ: ಸಿಬ್ಬಂದಿ ಈ ಬೈಲಾವನ್ನು ನೋಡಿ ವರದಿ ಕೊಡಲಿ ಎಂದು. ಅಥವಾ ಮೊದಲ ಬೈಲಾ ಪಾಸಾದಾಗಲೇ ಇಷ್ಟು ದಿನದ ನಂತರ ವರದಿ ತನ್ನಿ ಎಂಬ ಸೂಚನೆ ಸೇರಿಸಿರುತ್ತಾರೆ. ಕೆಲವು ಸಲ ಪ್ರಾಂತ್ಯದ ಕಾನೂನು ಬದಲಾದದ್ದಕ್ಕೆ ಸಿಟಿಯೂ ಬದಲಿಸಬೇಕಾಗುತ್ತದೆ. ಆಮೇಲೆ ಬೈಲಾ ವಿಭಾಗ, ಕಾನೂನು ವಿಭಾಗ, ಪಾರ್ಕ್ಸ್, ಪಬ್ಲಿಕ್ ಹೆಲ್ತ್, ಪೊಲೀಸ್ ಎಲ್ಲಾ ಕೂತು ಮಾತಾಡುತ್ತಾರೆ. ಆನ್‌ಲೈನ್ ಸರ್ವೆ ನಡೆಯುತ್ತದೆ. ಸ್ಟಾಫ್ ರಿಪೋರ್ಟ್ ಬರುತ್ತದೆ. ಕಮಿಟಿ ನೋಡುತ್ತದೆ. ಕೊನೆಗೆ ಕೌನ್ಸಿಲ್ ಮತ ಹಾಕುತ್ತದೆ.

ಸಿಟಿ ಕ್ಲರ್ಕ್ ಕಚೇರಿಯ ಸಭೆಗಳ ಪುಟ ತೆರೆದು ಕ್ಯಾನಬಿಸ್, ಸ್ಮೋಕಿಂಗ್, ವೇಪಿಂಗ್, ನ್ಯೂಸೆನ್ಸ್ ಎಂಬ ನಾಲ್ಕೂ ಪದ ಹಾಕಿ ಹುಡುಕಿ. ಗಾಂಜಾ ವಿಷಯ ಎಷ್ಟೋ ಸಲ ಪಾರ್ಕ್ಸ್ ಬೈಲಾದ ತಿದ್ದುಪಡಿ ಎಂಬ ಹೆಸರಲ್ಲಿ ಅಡಗಿರುತ್ತದೆ. ಸಿಗದಿದ್ದರೆ ನಿಮ್ಮ ವಾರ್ಡಿನ ಕೌನ್ಸಿಲರ್ ಕಚೇರಿಗೆ ಎರಡು ಸಾಲಿನ ಈಮೇಲ್ ಸಾಕು: ಈ ಬೈಲಾ ಮರುಪರಿಶೀಲನೆಯಲ್ಲಿ ಇದೆಯೇ, ಯಾವ ಕಮಿಟಿಗೆ ಯಾವಾಗ ಬರುತ್ತದೆ? ಇಂಥ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ. ಉದ್ದದ ದೂರಿಗೆ ಅಷ್ಟು ಬೇಗ ಬರುವುದಿಲ್ಲ.

ಹೆಜ್ಜೆ 4: ಸ್ಟಾಫ್ ರಿಪೋರ್ಟಿನ ಎರಡು ತುದಿಗಳನ್ನು ಮೊದಲು ಓದಿ

ರಿಪೋರ್ಟ್ ನೋಡಿದರೆ ಭಯವಾಗುವಷ್ಟು ಉದ್ದ ಇರಬಹುದು. ಮೊದಲು ಶಿಫಾರಸು ಓದಿ, ಅದು ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ. ಕೌನ್ಸಿಲ್ ಮತ ಹಾಕುವುದು ಆ ಕೆಲವು ಸಾಲುಗಳಿಗೆ ಮಾತ್ರ. ಮಿಕ್ಕಿದ್ದೆಲ್ಲಾ ವಿವರಣೆ. ಅಲ್ಲಿಂದ ನೇರ ಕೊನೆಗೆ ಹೋಗಿ ಲಗತ್ತುಗಳನ್ನು ನೋಡಿ. ಬೈಲಾದ ಕರಡು ಅಲ್ಲೇ ಇರುತ್ತದೆ. ಬೇರೆ ನಗರಗಳು ಏನು ಮಾಡಿವೆ ಎಂಬ ಕೋಷ್ಟಕವೂ ಇರುತ್ತದೆ. ಆ ಕೋಷ್ಟಕ ಚಿನ್ನದಂಥದ್ದು. ಯಾವ ನಗರಗಳನ್ನು ಆರಿಸಿಕೊಂಡಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬುದರಲ್ಲೇ ಸಿಬ್ಬಂದಿಯ ಒಲವು ಗೊತ್ತಾಗುತ್ತದೆ.

ಕರಡಿನಲ್ಲಿ ವ್ಯಾಖ್ಯೆಗಳ ಭಾಗವನ್ನು ಮಾತ್ರ ನಿಧಾನ ಓದಿ. ಸಾರ್ವಜನಿಕ ಜಾಗ ಅಂದರೆ ಏನು? ಫುಟ್‌ಪಾತ್ ಸೇರಿದೆಯಾ? ಪಾರ್ಕಿನ ಪಾರ್ಕಿಂಗ್ ಲಾಟಿನಲ್ಲಿ ನಿಂತ ಕಾರು? ಸೇದುವುದು ಅಂದರೆ ವೇಪ್ ಸೇರಿದೆಯಾ, ಹುಕ್ಕಾ ಸೇರಿದೆಯಾ, ಸುಮ್ನೆ ಕೈಯಲ್ಲಿ ಹೊತ್ತಿಸಿ ಹಿಡಿದಿದ್ದರೂ ಲೆಕ್ಕವಾ? ಕ್ಯಾಲ್ಗರಿ 2018ರಲ್ಲಿ ಮಾಡಿದ ಬೈಲಾ ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ಅಷ್ಟೇ ಅಲ್ಲ, ತಿನ್ನುವುದನ್ನೂ ನಿಷೇಧಿಸಿತು. ಒಂದು ಪದದ ವ್ಯಾಪ್ತಿ ಇಷ್ಟು ದೂರ ಹೋಗುತ್ತದೆ.

ಹಣಕಾಸಿನ ಭಾಗವನ್ನೂ ಬಿಡಬೇಡಿ. ಹೊಸ ಬೈಲಾ ತಂದು ಒಬ್ಬ ಆಫೀಸರ್ ಅನ್ನೂ ಸೇರಿಸದಿದ್ದರೆ, ಆ ಬೈಲಾ ಬೋರ್ಡಿನ ಮೇಲೆ ಮಾತ್ರ ಇರುತ್ತದೆ. 2018-19ರಲ್ಲಿ ಒಂಟಾರಿಯೊ ಸರ್ಕಾರ ಎಲ್ಲಾ ಸ್ಥಳೀಯ ಆಡಳಿತಗಳಿಗೂ ಸೇರಿ 2 ವರ್ಷಕ್ಕೆ 4 ಕೋಟಿ ಡಾಲರ್ ಕೊಟ್ಟಿತು. ಸಣ್ಣ ಊರಿಗೂ ಕನಿಷ್ಠ 10,000 ಡಾಲರ್ ಸಿಗುವಂತೆ ಹಂಚಿತು. ಅಂಗಡಿ ಬೇಡ ಎಂದವರಿಗೆ ಎರಡನೇ ಕಂತಿನಲ್ಲಿ ಕಡಿತ ಆಯಿತು. ಆ ಹಣ ಮುಗಿದ ಮೇಲೂ ಜಾರಿಯ ಕೆಲಸ ಮುಗಿಯಲಿಲ್ಲ. ಈಗ ಯಾವ ಲೆಕ್ಕದಿಂದ ಖರ್ಚು ಮಾಡುತ್ತೀರಿ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಹೆಜ್ಜೆ 5: ನಿಮಗೆ ಏನು ಬೇಕು ಅಂತ ತೀರ್ಮಾನಿಸಿ

"ಗಾಂಜಾ ಬೇಡ" ಎಂಬುದು ಕೌನ್ಸಿಲ್ ಮುಂದೆ ಬೇಡಿಕೆಯೇ ಅಲ್ಲ. ಅದನ್ನು ಒಪ್ಪುವ ಅಧಿಕಾರ ಅವರಿಗೆ ಇಲ್ಲ. ಇಲ್ಲಿ ಸ್ವಲ್ಪ ನಿಧಾನಿಸಿ ಯೋಚಿಸಬೇಕು, ಏಕೆಂದರೆ ಕಷ್ಟದ ಗಂಟು ಇರುವುದು ಇಲ್ಲೇ.

ಮನೆ ಸ್ವಂತದ್ದಾದವರಿಗೆ ಹಿತ್ತಲು ಇದೆ. ಬಾಡಿಗೆಗೆ ಇರುವವರ ಕರಾರಿನಲ್ಲಿ ಒಳಗೆ ಸೇದಬಾರದು ಎಂದಿರುತ್ತದೆ. ಬೇಸ್‌ಮೆಂಟಿನಲ್ಲಿ ಇರುವ ವಿದ್ಯಾರ್ಥಿಗೂ ಅಷ್ಟೇ, ಮೇಲೆ ಮಾಲೀಕರ ಸಂಸಾರ ಇರುತ್ತದೆ. ಈಗ ಸಿಟಿ ಎಲ್ಲಾ ಸಾರ್ವಜನಿಕ ಜಾಗದಲ್ಲೂ ನಿಷೇಧ ಹಾಕಿತು ಎನ್ನಿ. ಕಾನೂನು ಒಪ್ಪಿದ ಒಂದು ವಸ್ತುವನ್ನು ಬಳಸಲು ಬಾಡಿಗೆದಾರನಿಗೆ ಕಾನೂನು ಒಪ್ಪುವ ಜಾಗವೇ ಇಲ್ಲ. ನೀವು ಸೇದದವರಾದರೂ ಇದನ್ನು ಲೆಕ್ಕಕ್ಕೆ ತಗೊಳ್ಳಿ. ಜಾಗ ಇಲ್ಲದ ಹೊಗೆ ಮಾಯವಾಗುವುದಿಲ್ಲ. ಮೆಟ್ಟಿಲ ಕೆಳಗೆ, ಪಾರ್ಕಿಂಗ್ ಮೂಲೆಗೆ, ನಿಮ್ಮ ಕಿಟಕಿ ಕೆಳಗೆ ಬರುತ್ತದೆ.

ಕ್ಯಾಲ್ಗರಿಗೆ ಈ ಗಂಟು ಬೇಗ ಎದುರಾಯಿತು. ಪೂರ್ತಿ ನಿಷೇಧ ಮಾಡಿದ ಮೇಲೆ, ಸೇದಲು ಗುರುತಿಸಿದ ಜಾಗಗಳನ್ನು ಮಾಡಬಹುದು ಎಂಬ ಯೋಚನೆ ಬಂತು. ಒಬ್ಬ ಕೌನ್ಸಿಲರ್ ತಮ್ಮ ವಾರ್ಡಿನಲ್ಲಿ ನಾಲ್ಕು ಜಾಗ ಮುಂದಿಟ್ಟರು. ಅಕ್ಕಪಕ್ಕದವರು ಬಲವಾಗಿ ವಿರೋಧಿಸಿದರು, ಪ್ರಸ್ತಾವನೆ ಹಿಂದೆ ಸರಿಯಿತು. ಪಾರ್ಕಿನಲ್ಲಿ ಎಲ್ಲೆಲ್ಲೂ ಸೇದುವುದು ಬೇಡ ಎನ್ನುವವರೇ ನಮ್ಮ ಬೀದಿಯಲ್ಲಿ ಗುರುತಿಸಿದ ಜಾಗವೂ ಬೇಡ ಎಂದರೆ ಕೌನ್ಸಿಲರ್ ಏನು ಮಾಡಬೇಕು?

ಹ್ಯಾಲಿಫ್ಯಾಕ್ಸ್ ಬೇರೆ ದಾರಿ ಹಿಡಿಯಿತು. 2018ರ ಅಕ್ಟೋಬರ್‌ನಿಂದ ನಗರದ ಜಾಗದಲ್ಲಿ, ಫುಟ್‌ಪಾತ್ ಸೇರಿ, ಸಿಗರೇಟೂ ಇಲ್ಲ ಗಾಂಜಾವೂ ಇಲ್ಲ. ಗುರುತಿಸಿದ ಜಾಗಗಳಲ್ಲಿ ಮಾತ್ರ ಸೇದಬಹುದು. ಬೋರ್ಡು ಇಟ್ಟರು, ಬೂದಿ ಡಬ್ಬ ಇಟ್ಟರು. ದಂಡ 25 ಡಾಲರ್‌ನಿಂದ 2,000 ಡಾಲರ್‌ವರೆಗೆ. ಸಿಗರೇಟು ಸೇದುವವರು ನಮ್ಮನ್ನು ಯಾಕೆ ಸೇರಿಸಿದಿರಿ ಎಂದು ಗೊಣಗಿರಬಹುದು. ಆದರೆ ಇದರಲ್ಲಿ ಒಂದು ವ್ಯಾವಹಾರಿಕ ಜಾಣತನ ಇದೆ. ಆಫೀಸರ್ ಬಂದು ಕೈಯಲ್ಲಿ ಇರುವುದು ತಂಬಾಕೋ ಗಾಂಜಾವೋ ಎಂದು ಮೂಸಿ ನೋಡಬೇಕಾಗಿಲ್ಲ. ಹೊಗೆ ಇದೆ, ಜಾಗ ನಿಷಿದ್ಧ, ಮುಗಿಯಿತು. ಗಾಂಜಾಕ್ಕೆ ಮಾತ್ರ ಪ್ರತ್ಯೇಕ ನಿಷೇಧ ಇರುವ ಕಡೆ ಅದು ಗಾಂಜಾವೇ ಎಂದು ಸಾಬೀತು ಮಾಡಬೇಕು. ವೇಪ್ ಆದರೆ ಇನ್ನೂ ಕಷ್ಟ.

ನನ್ನ ಒಲವು ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟುವ ಕಡೆಗೆ. ಒಂಟಾರಿಯೊದ 20 ಮೀಟರ್ ನಿಯಮ ಅದೇ ಹಾದಿಯದ್ದು. ನಗರ ಅದಕ್ಕೆ ಬಸ್ ಸ್ಟಾಪ್, ಸ್ಪ್ಲಾಶ್ ಪ್ಯಾಡ್ (ಮಕ್ಕಳು ನೀರಾಡುವ ಜಾಗ) ಇಲ್ಲದ ಪಾರ್ಕಿನ ಪಿಕ್ನಿಕ್ ಜಾಗ, ಕಟ್ಟಡಗಳ ಬಾಗಿಲು ಹೀಗೆ ಹೆಸರಿಟ್ಟು ಸೇರಿಸಿದರೆ ಜನಕ್ಕೂ ಅರ್ಥ ಆಗುತ್ತದೆ. ಟೊರಾಂಟೊದಲ್ಲಿ ಸಾರ್ವಜನಿಕರು ಬಳಸುವ ಕಟ್ಟಡದ ಬಾಗಿಲಿನ 9 ಮೀಟರ್ ಒಳಗೆ ಸೇದಬಾರದು ಎಂಬ ನಿಯಮ ಗಾಂಜಾ ಬರುವ ಮುಂಚಿನಿಂದಲೇ ಇದೆ. ಇಂಥ ಹಳೆಯ ನಿಯಮಕ್ಕೆ ಒಂದು ಪದ ಸೇರಿಸುವುದು ಹೊಸ ಬೈಲಾ ಹುಟ್ಟಿಸುವುದಕ್ಕಿಂತ ಸುಲಭ. ನಿಮಗೆ ಪೂರ್ತಿ ನಿಷೇಧವೇ ಸರಿ ಅನಿಸಿದರೆ ಹಾಗೇ ಕೇಳಿ, ತಪ್ಪಿಲ್ಲ. ಬಾಡಿಗೆದಾರ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಒಂದು ಉತ್ತರ ಜೊತೆಗೆ ಇಟ್ಟುಕೊಂಡು ಕೇಳಿ. ಯಾರಾದರೂ ಕೇಳಿಯೇ ಕೇಳುತ್ತಾರೆ.

ಬೇಡಿಕೆ ಒಂದೇ ವಾಕ್ಯದಲ್ಲಿ ನಿಲ್ಲಬೇಕು. "ಪಾರ್ಕ್ಸ್ ಬೈಲಾದ ಇಂಥ ಕಲಮಿಗೆ ಕ್ರಿಕೆಟ್ ಪಿಚ್ ಮತ್ತು ಅದರ ಪ್ರೇಕ್ಷಕರ ಜಾಗವನ್ನು ಹೆಸರಿಸಿ ಸೇರಿಸಿ" ಎನ್ನುವುದು ಬೇಡಿಕೆ. "ಮಕ್ಕಳ ಭವಿಷ್ಯ ಕಾಪಾಡಿ" ಎನ್ನುವುದು ಭಾಷಣ.

ಹೆಜ್ಜೆ 6: ಕೈಯಲ್ಲಿ ಒಂದಿಷ್ಟು ದಾಖಲೆ ಇರಲಿ

ಸಿಟಿ ಲೆಕ್ಕ ಹಾಕುವುದು 311ಕ್ಕೆ, ಅಂದರೆ ಸಿಟಿಯ ದೂರಿನ ಫೋನ್ ನಂಬರಿಗೆ, ಬಂದ ದೂರುಗಳನ್ನು. ವಾಟ್ಸಾಪ್ ಗುಂಪಿನಲ್ಲಿ ಐವತ್ತು ಜನ ಬೈದಿದ್ದು ಅದರಲ್ಲಿ ಸೇರುವುದಿಲ್ಲ. ನಿಮ್ಮ ಪಾರ್ಕಿನಿಂದ ಒಂದೂ ದೂರು ದಾಖಲಾಗಿಲ್ಲ ಎಂದರೆ ರಿಪೋರ್ಟಿನಲ್ಲಿ ನಿಮ್ಮ ಪಾರ್ಕಿಗೆ ತೊಂದರೆಯೇ ಇಲ್ಲ. ಪ್ರತಿ ಸಲ ದೂರು ಕೊಟ್ಟಾಗಲೂ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಜಾಗ, ಹೊತ್ತು, ಏನು ನಡೆಯಿತು ಅಷ್ಟೇ ಸಾಕು. ಜನರ ಫೋಟೊ ತೆಗೆಯಲು ಹೋಗಬೇಡಿ, ಅದು ಬೇರೆ ಜಗಳಕ್ಕೆ ದಾರಿ.

ರಿಪೋರ್ಟಿನಲ್ಲಿ ವಾರ್ಡುವಾರು ಅಂಕಿ ಇಲ್ಲದಿದ್ದರೆ ಬೈಲಾ ವಿಭಾಗಕ್ಕೆ ಸುಮ್ನೆ ಈಮೇಲ್ ಮಾಡಿ ಕೇಳಿ. ಕೊಡದಿದ್ದರೆ ಒಂಟಾರಿಯೊದಲ್ಲಿ ನಗರಗಳಿಗೆ ಅನ್ವಯಿಸುವ ಮಾಹಿತಿ ಹಕ್ಕಿನ ಕಾನೂನು ಇದೆ, ಅರ್ಜಿ ಶುಲ್ಕ 5 ಡಾಲರ್. ನಮ್ಮೂರಿನ ಆರ್‌ಟಿಐ ಅರ್ಜಿ ಬರೆದು ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ. ಎಷ್ಟು ದೂರು ಬಂತು, ಎಷ್ಟಕ್ಕೆ ಆಫೀಸರ್ ಹೋದರು, ಎಷ್ಟು ಎಚ್ಚರಿಕೆ ಕೊಟ್ಟರು, ಎಷ್ಟು ಟಿಕೆಟ್ ಬರೆದರು ಎಂಬ ನಾಲ್ಕು ಅಂಕಿ ಕೇಳಿ. ದೂರು ನೂರಾರು, ಟಿಕೆಟ್ ಬೆರಳೆಣಿಕೆ ಎಂದು ಬಂದರೆ, ಹೊಸ ನಿಷೇಧ ಬೇಕೋ ಇರುವ ನಿಷೇಧಕ್ಕೆ ಜನ ಬೇಕೋ ಎಂಬ ಚರ್ಚೆಯೇ ಬದಲಾಗುತ್ತದೆ.

ಹೆಜ್ಜೆ 7: ಮಾತಾಡುವ ದಿನ

ಟೊರಾಂಟೊದವರು ಇದನ್ನು ತಿಳಿದಿರಲೇಬೇಕು. ಅಲ್ಲಿ ಸಾರ್ವಜನಿಕರು ಮಾತಾಡಬಹುದಾದ್ದು ಕಮಿಟಿ ಸಭೆಯಲ್ಲಿ. ಪೂರ್ಣ ಸಿಟಿ ಕೌನ್ಸಿಲ್ ಸಭೆಯಲ್ಲಿ ಅಲ್ಲ. ಕೌನ್ಸಿಲ್ ಮತ ಹಾಕುವ ದಿನ ಹೋದರೆ ಮೇಲೆ ಕೂತು ನೋಡಬಹುದು, ಅಷ್ಟೇ. ಬೇರೆ ನಗರಗಳ ನಿಯಮ ಬೇರೆ. ಎಲ್ಲಿ, ಎಷ್ಟು ನಿಮಿಷ, ಯಾವಾಗ ಹೆಸರು ಕೊಡಬೇಕು ಎಂದು ಕ್ಲರ್ಕ್ ಕಚೇರಿಗೆ ಮೊದಲೇ ಕೇಳಿ. ಐದು ನಿಮಿಷ ಎಂದು ತಯಾರಾಗಿ ಹೋದವರಿಗೆ, ಜನ ಜಾಸ್ತಿ ಇದ್ದರೆ, ಅಧ್ಯಕ್ಷರು ಮೂರೇ ನಿಮಿಷ ಎನ್ನಬಹುದು. ಹಾಗಾಗಿ ಬೇಡಿಕೆಯನ್ನು ಮೊದಲ ನಿಮಿಷದಲ್ಲೇ ಹೇಳಿಬಿಡಿ. ಆಮೇಲೆ ಕಾರಣ.

ಬರೆದು ಕೊಟ್ಟ ಪತ್ರ ಸಾರ್ವಜನಿಕ ದಾಖಲೆ ಆಗುತ್ತದೆ. ನಿಮ್ಮ ಹೆಸರು ಅಜೆಂಡಾ ಜೊತೆ ಇಂಟರ್ನೆಟ್ಟಿನಲ್ಲಿ ಉಳಿಯುತ್ತದೆ. ಮನೆಯ ಒಳವಿಷಯ, ಪಕ್ಕದ ಮನೆಯವರ ಹೆಸರು, ಮಗನ ಕಾಲೇಜು ಇವೆಲ್ಲಾ ಅದರಲ್ಲಿ ಬೇಡ. ಇಂಗ್ಲಿಷ್ ಮಾತಾಡಲು ಹಿಂಜರಿಕೆ ಇದ್ದರೆ ಬರೆದುಕೊಂಡು ಹೋಗಿ ಓದಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮನೆಗೆ ಬಂದಿರುವ ಅತ್ತೆ ಮಾವ ಪಾರ್ಕಿಗೆ ವಾಕಿಂಗ್ ಹೋಗುವವರಾದರೆ ಅವರ ಅನುಭವವನ್ನು ನೀವು ಹೇಳಬಹುದು. ಹಗಲು ಹೊತ್ತಲ್ಲಿ ಪಾರ್ಕಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಆಫೀಸಿನಲ್ಲಿ ಇರುವ ನಮಗಿಂತ ಅವರಿಗೆ ಗೊತ್ತು.

ಒಬ್ಬರೇ ಹೋಗುವುದಕ್ಕಿಂತ ಬೇರೆ ಬೇರೆ ಥರದ ಮೂವರು ಹೋಗುವುದು ಒಳ್ಳೆಯದು. ಒಬ್ಬರು ಚಿಕ್ಕ ಮಕ್ಕಳ ತಾಯಿ, ಒಬ್ಬರು ಬಾಡಿಗೆದಾರ, ಒಬ್ಬರು ಸಣ್ಣ ವ್ಯಾಪಾರದವರು. ಮೂವರೂ ಒಂದೇ ಬೇಡಿಕೆ ಹೇಳಿದರೆ ಕೌನ್ಸಿಲರ್ ಪೆನ್ ತೆಗೆಯುತ್ತಾರೆ. ಒಂದೇ ಪತ್ರವನ್ನು ಇನ್ನೂರು ಜನ ನಕಲು ಮಾಡಿ ಕಳಿಸಿದರೆ ಅದನ್ನು ಒಂದೇ ಪತ್ರ ಎಂದು ಓದಿಬಿಡುವ ಸಾಧ್ಯತೆ ಜಾಸ್ತಿ.

ಒಂದು ಪಕ್ಕದ ದಾರಿ: ಅಂಗಡಿಯ ಬೋರ್ಡು ಕಂಡರೆ

ಬೈಲಾ ಮರುಪರಿಶೀಲನೆಗೂ ಒಂದು ನಿರ್ದಿಷ್ಟ ಅಂಗಡಿಯ ಅರ್ಜಿಗೂ ಸಂಬಂಧ ಇಲ್ಲ. ಎರಡನ್ನೂ ಕಲಸಬೇಡಿ. ಒಂಟಾರಿಯೊದಲ್ಲಿ ಅಂಗಡಿಗೆ ಅನುಮತಿ ಕೊಡುವುದು ಆಲ್ಕೊಹಾಲ್ ಅಂಡ್ ಗೇಮಿಂಗ್ ಕಮಿಷನ್. ಅಂಗಡಿ ಬರುವ ಜಾಗದ ಮುಂದೆ ಬೋರ್ಡು ಹಾಕುತ್ತಾರೆ, 15 ದಿನ ಸಮಯ ಇರುತ್ತದೆ. ಅಷ್ಟರಲ್ಲಿ ಆನ್‌ಲೈನಿನಲ್ಲಿ ಬರೆದು ಕೊಡಬೇಕು. ಅವರು ನೋಡುವುದು ಮೂರು ವಿಷಯ: ಸಾರ್ವಜನಿಕ ಆರೋಗ್ಯ ಮತ್ತು ಸುರಕ್ಷತೆ, ಚಿಕ್ಕ ವಯಸ್ಸಿನವರ ರಕ್ಷಣೆ, ಅಕ್ರಮ ಚಟುವಟಿಕೆ ತಡೆ. "ಈ ಬೀದಿಯಲ್ಲಿ ಈಗಾಗಲೇ ಮೂರು ಇವೆ" ಎಂದು ಮಾತ್ರ ಬರೆದರೆ ಪ್ರಯೋಜನ ಇಲ್ಲ. ಪಕ್ಕದ ಟ್ಯೂಷನ್ ಕೇಂದ್ರಕ್ಕೆ ಮಕ್ಕಳು ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ ಬಂದು ಹೋಗುತ್ತಾರೆ ಎಂದು ವಿವರವಾಗಿ ಬರೆದರೆ ಕನಿಷ್ಠ ಓದುತ್ತಾರೆ.

ಹೆಜ್ಜೆ 8: ಪಾಸಾದ ಮೇಲೆ

ಕೌನ್ಸಿಲ್ ಮತ ಹಾಕಿತು ಎಂದ ಕೂಡಲೇ ಟಿಕೆಟ್ ಬರೆಯಲು ಆಗುವುದಿಲ್ಲ. ಒಂಟಾರಿಯೊದಲ್ಲಿ ಸ್ಥಳದಲ್ಲೇ ಕೊಡುವ ಟಿಕೆಟ್ಟಿಗೆ ನಿಗದಿತ ದಂಡ ಬೇಕು. ಆ ದಂಡದ ಪಟ್ಟಿಗೆ ಒಂಟಾರಿಯೊ ಕೋರ್ಟ್ ಆಫ್ ಜಸ್ಟಿಸ್‌ನ ಪ್ರಾದೇಶಿಕ ಹಿರಿಯ ನ್ಯಾಯಾಧೀಶರ ಒಪ್ಪಿಗೆ ಬೇಕು. ಕೆಲವು ನಗರಗಳು ಇದರ ಬದಲು ತಮ್ಮದೇ ಆಡಳಿತಾತ್ಮಕ ದಂಡದ ಪದ್ಧತಿ ಇಟ್ಟುಕೊಂಡಿವೆ. ಯಾವುದು ನಿಮ್ಮಲ್ಲಿ, ಯಾವ ದಿನದಿಂದ ಜಾರಿ ಎಂದು ಕೇಳಿ. ಈ ನಡುವಿನ ತಿಂಗಳುಗಳಲ್ಲಿ 311ಕ್ಕೆ ಫೋನ್ ಮಾಡಿ "ಬೈಲಾ ಆಗಿದೆ, ಯಾಕೆ ಯಾರೂ ಬರಲಿಲ್ಲ" ಎಂದು ರೇಗುವುದು ವ್ಯರ್ಥ.

ಬೋರ್ಡುಗಳು ಬಂದವಾ ನೋಡಿ. ನಮ್ಮ ಕಡೆಯ ಪಾರ್ಕುಗಳಲ್ಲಿ ಇಂಗ್ಲಿಷ್ ಓದದ ಹಿರಿಯರೂ ಇರುತ್ತಾರೆ. ಚಿತ್ರ ಇರುವ ಬೋರ್ಡು ಕೇಳುವುದು ದೊಡ್ಡ ಬೇಡಿಕೆ ಅಲ್ಲ, ಸಿಗುತ್ತದೆ.

ಮನೆಯಲ್ಲಿ ವಿದ್ಯಾರ್ಥಿಗಳಿದ್ದರೆ, ಬೈಲಾ ಸಡಿಲವಾದರೂ ಬಿಗಿಯಾದರೂ ಬದಲಾಗದ ಎರಡು ಮಾತನ್ನು ಹೇಳಿಡಿ. ಗಾಂಜಾ ಅಥವಾ ಗಮ್ಮಿಯನ್ನು ಕೆನಡಾದ ಗಡಿ ದಾಟಿಸುವುದು ಅಪರಾಧ, ಬೆಂಗಳೂರಿನಲ್ಲಿ ಇಳಿದರೆ ಭಾರತದ ಮಾದಕವಸ್ತು ಕಾನೂನು ಎನ್‌ಡಿಪಿಎಸ್ ಕಾಯುತ್ತಿರುತ್ತದೆ. ಅಮಲಿನಲ್ಲಿ ಗಾಡಿ ಓಡಿಸಿದ ಅಪರಾಧಕ್ಕೆ 2018ರ ಡಿಸೆಂಬರ್ 18ರಿಂದ ಗರಿಷ್ಠ ಶಿಕ್ಷೆ 10 ವರ್ಷ ಆಗಿದೆ. ಆದ್ದರಿಂದ ಅದು ವೀಸಾ, ಪಿಆರ್ (ಕಾಯಂ ನಿವಾಸದ ಹಕ್ಕು) ಎರಡಕ್ಕೂ ಕುತ್ತು ತರಬಹುದು.

ಕಡೆಗೆ, ಬೈಲಾ ಪಾಸಾಗುವ ಮೋಷನ್ನಿನಲ್ಲೇ "18 ತಿಂಗಳ ನಂತರ ದೂರು, ಎಚ್ಚರಿಕೆ, ಟಿಕೆಟ್ ಅಂಕಿಗಳೊಂದಿಗೆ ಸಿಬ್ಬಂದಿ ವರದಿ ಕೊಡಲಿ" ಎಂಬ ಒಂದು ಸಾಲು ಸೇರಿಸಲು ನಿಮ್ಮ ಕೌನ್ಸಿಲರ್‌ಗೆ ಹೇಳಿ. ತಿಂಗಳು ಹೆಚ್ಚುಕಡಿಮೆ ಆಗಲಿ, ದಿನಾಂಕ ಇರಲಿ. ಆ ದಿನಾಂಕವನ್ನು ನಿಮ್ಮ ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ, 311ರ ನಂಬರುಗಳನ್ನು ಅದೇ ಫೈಲಿನಲ್ಲಿ ಸೇರಿಸುತ್ತಾ ಹೋಗಿ.